ಚೀಲ ಕಳೆದ ತೂಕ

ಅರ್ಧ ತುಂಬಿದ ಆ ಚೀಲ ಗೋಡೆಗೆ ಒರಗಿಸಿದರೂ ನಿಲ್ಲುತ್ತಿಲ್ಲ, ಹಮಾಲಿ ಬಾಲಪ್ಪ ಅದರ ಎರಡೂ ಕಿವಿ ಹಿಡಿದು ಎತ್ತಿ ಕುಕ್ಕರಿಸಿದ, ಒಂದು ಗಳಿಗೆ ನೆಟ್ಟಗೆ ಕೂತಿತು, ಆಮೇಲೆ ಮೇಲಿನ ಖಾಲಿ ಭಾಗ ಮೆಲ್ಲಗೆ ಮಡಿಚಿ ಹೊಟ್ಟೆಯ ಮೇಲೆ ಬಿತ್ತು, ಎಡಬಲಕ್ಕೆ ತುಂಬಿದ ಚೀಲಗಳು ಬೀಗರ ಹಾಗೆ ಸೆಟೆದು ನಿಂತಿವೆ, ನಡುವೆ ಇದೊಂದು — ನಾಸೀರ್ ಅತ್ತ ನೋಡಬಾರದೆಂದುಕೊಂಡ, ಮತ್ತೆ ನೋಡಿದ. ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಮಲೀಕಸಾಬರ ಅಕ್ಕಿ ಅಂಗಡಿ, ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ತವುಡಿನ ವಾಸನೆ, ಸಾವಕಾರರು ಮಧ್ಯಾಹ್ನದ ನಮಾಜಿಗೆ ಹೋಗಿದ್ದಾರೆ, ಕೂಡ್ರಿ ಬಾವರ್ಚಿ, ಈಗ ಬರ್ತಾರ ಎಂದು ಬಾಲಪ್ಪ ಬೆಂಚು ತೋರಿಸಿದ್ದಾನೆ, ತಲೆಯ ಮೇಲೆ ಫ್ಯಾನು ತಿರುಗುತ್ತಿದೆ, ಆದರೆ ಜುಬ್ಬಾದ ಒಳಗೆ ಹೊಟ್ಟೆಗೆ ಮೂರು ಸುತ್ತು ಸುತ್ತಿದ ಶಾಲಿನೊಳಕ್ಕೆ ಅದರ ಗಾಳಿ ಹೋಗುವುದಿಲ್ಲ, ಬೆವರು ಮಾತ್ರ ಹೋಗುತ್ತದೆ, ಹೋಗಿ ಅಲ್ಲೇ ನಿಲ್ಲುತ್ತದೆ, ಶಾಲಿನ ಜರಿ ಅಂಚು ಸರಿಯಾಗಿ ಹುಣ್ಣಿದ್ದ ಜಾಗಕ್ಕೇ ಕೆರೆಯುತ್ತಿದೆ, ಕೈ ಹಾಕಿ ಸರಿಪಡಿಸೋಣವೆಂದರೆ ಬಾಲಪ್ಪ ನೋಡುತ್ತಿದ್ದಾನೆ. ನಲವತ್ತಮೂರು ವರ್ಷದ ಗಂಡಸು, ಮಸ್ಕಿಯಿಂದ ಬಸ್ಸು ಹತ್ತಿ ಬಂದದ್ದು ಮದುವೆ ಅಡುಗೆಯ ಮಾತು ಮುಗಿಸಿಕೊಂಡು ಹೋಗಲಿಕ್ಕೆ, ಕೂತಿರುವುದು ನಾಟಕದ ವೇಷ ಹಾಕಿಕೊಂಡವನ ಹಾಗೆ.

ಈ ಶಾಲನ್ನು ಬೆಳಿಗ್ಗೆ ಖಾತೂನ್‌ಬೀ ಸುತ್ತಿದಳು, ಹಿಂದಿನ ಕೋಣೆಯ ಬಾಗಿಲು ಹಾಕಿ, ಅವನು ಕೈ ಎತ್ತಿ ನಿಂತ ಜಾಗದಲ್ಲೇ ತಿರುಗಿದ, ಅವಳು ಬನಿಯನ್ ಮೇಲೆಯೇ ಎಳೆದೆಳೆದು ಸುತ್ತಿ ಎರಡು ಪಿನ್ನು ಚುಚ್ಚಿದಳು, ಮದುವೆಯಾಗಿ ಇಪ್ಪತ್ತೆರಡು ವರ್ಷದ ಹೆಂಡತಿ, ಮುಖ ನೋಡದೆಯೇ ಬೈಯಬಲ್ಲಳು, ಎಂದಿನಂತೆ ಮಗಳ ಹೆಸರು ಹಿಡಿದು ಕರೆದಳು, ಆರ್ಜೂನ ಅಬ್ಬಾ, ಮಂದಿ ಹೊಟ್ಟಿ ಮುಚ್ಚಾಕ ಶಾಲ ಹೊದಿತಾರ, ನೀವು ಹೊಟ್ಟಿ ಹುಟ್ಟಿಸಾಕ ಸುತ್ಗೊಳಾಕತ್ತೀರಿ, ಎರಡೂವರಿ ವರ್ಷ ಅನ್ನ ಬಿಟ್ಟಿದ್ದು ಇದಕ್ಕೇನು. ಇದಕ್ಕಲ್ಲ, ಆದರೆ ಇದೂ ಬೇಕಾಗಿದೆ, ಅವಳಿಗೆ ಗೊತ್ತಿಲ್ಲವೇ, ಮುದಗಲ್ಲಿನವರು ಕೊಟ್ಟ ಮುಂಗಡವನ್ನು ಮನೆ ಬಾಗಿಲಿಗೆ ಬಂದು ಅವನ ಮೈ ನೋಡಿ ವಾಪಸು ಇಸಿದುಕೊಂಡು ಹೋದಾಗ ಚಹಾ ಕೊಟ್ಟವಳು ಅವಳೇ, ತಪ್ಪು ತಿಳ್ಕೋಬ್ಯಾಡ್ರಿ ಬಾವರ್ಚಿ, ಮನ್ಯಾಗ ಹೆಂಗಸ್ರು ಹೆದರ್ಯಾರ, ನಿಮಗ ಏನೋ ದೊಡ್ಡ ಬ್ಯಾನಿ ಬಂದೈತಂತ ಯಾರೋ ಹೇಳ್ಯಾರ. ಬೇನೆ ಇಲ್ಲ, ನಾನಾಗಿಯೇ ಇಳಿಸಿದ್ದು ಎಂದರೆ ನಕ್ಕರು, ಸುತ್ತಲೂ ಹತ್ತು ಡೇಗು ಬಿರಿಯಾನಿ ಇಟ್ಟುಕೊಂಡು ಉಪವಾಸ ಬೀಳುವ ಬಾವರ್ಚಿಯನ್ನು ಯಾರು ನಂಬುತ್ತಾರೆ, ಮೈತುಂಬ ಇದ್ದಾಗ ಅವನ ಹೊಟ್ಟೆಯೇ ಅವನ ಬೋರ್ಡು, ಬಡೇ ನಾಸೀರ್ ಬಂದ ಅಂದರೆ ಊಟ ಗಟ್ಟಿ ಅಂತ ಮಂದಿ ತಿಳಿಯುತ್ತಿದ್ದರು, ಆ ಆರ್ಡರು ಇನ್ನೊಬ್ಬ ಬಾವರ್ಚಿ ಜಾವೀದನಿಗೆ ಹೋಯಿತು, ಜಾವೀದ್ ಕೆಟ್ಟವನಲ್ಲ, ಮಸಾಲೆಗೆ ಜೀವ ಕೊಡಲು ಬರುವುದಿಲ್ಲ ಅಷ್ಟೆ, ಆದರೆ ಹೊಟ್ಟೆ ಇದೆ.

ಇಳಿಸಬೇಕೆಂದವರು ಲಿಂಗಸುಗೂರಿನ ಡಾಕ್ಟರ್ ಭಾಗ್ಯಶ್ರೀ, ನೂರಾ ನಲವತ್ತೆಂಟು ಕಿಲೋ, ಸಕ್ಕರೆ, ಬಿಪಿ, ಮೊಣಕಾಲು, ಐವತ್ತು ವರ್ಷ ಕಾಣಬೇಕಂದ್ರ ಅರ್ಧ ಮನುಷ್ಯನ್ನ ಕೆಳಗಿಳಿಸಿ ಬರ್ರಿ ಎಂದರು, ಅವನು ಹಾಗೇ ಮಾಡಿದ, ಅದೇ ಅವನ ಹಣೆಬರಹ, ಒಂದು ಮಾತು ಹಿಡಿದರೆ ಬಿಡುವುದಿಲ್ಲ, ಅಂದಿನಿಂದ ಅನ್ನ ಮುಟ್ಟಿಲ್ಲ, ಉಪ್ಪು ಖಾರ ನೋಡಲು ನಾಲಿಗೆ ತುದಿಗೆ ಹಚ್ಚಿ ಉಗುಳಿದ, ಮಸ್ಕಿಯ ಬೆಟ್ಟ ಹತ್ತಿ ಇಳಿದ, ಮೊದಲ ತಿಂಗಳು ಎಂಟು ಮೆಟ್ಟಿಲಿಗೆ ಒಂದು ಸಲ ಕೂತು ಎದ್ದು, ಆಮೇಲೆ ಕೂರದೆ, ಡಾಕ್ಟರು ಬೇರೆ ರೋಗಿಗಳನ್ನು ಕರೆದು ಅವನನ್ನು ತೋರಿಸಿದರು, ನೋಡ್ರಿ, ಅರವತ್ತೇಳು ಕಿಲೋ ಇಳಿಸ್ಯಾನ. ಸಂತೋಷವಾಗಿತ್ತು, ಯಾಕೆ ಸುಳ್ಳು ಹೇಳಬೇಕು, ಜೀವನದಲ್ಲಿ ಯಾರೂ ಅವನನ್ನು ಹಾಗೆ ತೋರಿಸಿರಲಿಲ್ಲ. ಕೊಬ್ಬು ಹೋಯಿತು, ಚರ್ಮ ಹೋಗಲಿಲ್ಲ. ಹೊಟ್ಟೆಯಿಂದ ತೊಡೆಯ ತನಕ ಜೋತುಬಿದ್ದಿದೆ, ಎದೆಯಲ್ಲಿ, ತೋಳಿನ ಕೆಳಗೆ, ನಮಾಜಿನಲ್ಲಿ ಸಜ್ದಾಕ್ಕೆ ಬಾಗಿದರೆ ಹಣೆಗಿಂತ ಮೊದಲು ಅದು ಚಾಪೆ ಮುಟ್ಟುತ್ತದೆ, ಮಡಿಕೆಯ ಒಳಗೆ ಬೆವರು ಕೂತು ಹುಣ್ಣಾಗಿ ವಾಸನೆ ಬರುತ್ತದೆ, ಹೆಂಡತಿಯ ಮುಂದೆ ಬನಿಯನ್ ತೆಗೆದು ವರ್ಷ ದಾಟಿತು. ಅದಾದರೂ ಇರಲಿ, ಮನೆಯೊಳಗಿನ ಮಾತು. ಸಂತೆಕಲ್ಲೂರಿನ ಮದುವೆಯಲ್ಲಿ ಡೇಗಿನ ಮುಚ್ಚಳ ಎತ್ತಲು ಬಾಗಿದಾಗ ತೋಳಿನ ಕೆಳಗಿನ ಜೋಲು ಚರ್ಮ ಕಾದ ಕಂಠಕ್ಕೆ ಹತ್ತಿತು, ಚುರ್ ಎಂದ ಸದ್ದು ಅವನಿಗೆ ಮೊದಲು ಕೇಳಿಸಿತು, ಉರಿ ಆಮೇಲೆ ಬಂತು, ಕೈ ಹಿಂದೆ ಎಳೆದರೂ ಚರ್ಮ ತಡವಾಗಿ ಬರುತ್ತದೆ, ಅದು ಅವನ ಮಾತು ಕೇಳುವುದಿಲ್ಲ. ಬೆಂಕಿಯ ಮುಂದೆ ಐದು ತಾಸು ನಿಲ್ಲದ ಬಾವರ್ಚಿ ಬಾವರ್ಚಿಯೇ ಅಲ್ಲ, ಕತ್ತರಿಸಿ ತೆಗೆಸಬೇಕು, ಇಲ್ಲ ಒಲೆ ಬಿಡಬೇಕು, ನಡುವೆ ಇನ್ನೊಂದು ದಾರಿ ಇಲ್ಲ.

ಅದು ಬ್ಯಾರೆ ಲೆಕ್ಕ ನಾಸೀರ್ ಎಂದರು ಡಾಕ್ಟರು, ಮೊದಲ ಸಲ ಅವನ ಮುಖ ನೋಡದೆ, ಸರಕಾರದ ಕಾರ್ಡ್‌ನಾಗ ಬರೂದಿಲ್ಲ, ಚಂದ ಕಾಣಾಕ ಮಾಡಿಸ್ಕೊಳ್ಳೂದು ಅಂತ ಬರಕೊಂತಾರ. ಚಂದ. ಸಕ್ಕರೆ ಏರಿ ಕಾಲು ಕೊಳೆತಿದ್ದರೆ ಕಾಲು ಕತ್ತರಿಸಲು ಕಾರ್ಡು ಇದೆ, ಹೃದಯ ನಿಂತಿದ್ದರೆ ಅದಕ್ಕೂ ಇದೆ, ಅವೆರಡನ್ನೂ ತಾನೇ ತಪ್ಪಿಸಿಕೊಂಡು ಬಂದವನಿಗೆ ಮಾತ್ರ ಸ್ವಂತ ಖರ್ಚು. ಡಾಕ್ಟರು ಚೀಟಿಯ ಹಿಂದೆ ಬರೆದುಕೊಟ್ಟರು, ದೊಡ್ಡ ಊರಿನ ಆಸ್ಪತ್ರೆ, ಹೊಟ್ಟೆಗೆ ಒಂದು ಲಕ್ಷ ನಲವತ್ತು, ಎದೆ ಮತ್ತು ತೋಳಿಗೆ ಎರಡನೇ ಸಲ ಇನ್ನೊಂದು ಲಕ್ಷ, ಮೈಮರೆಸುವ ಡಾಕ್ಟರಿಗೆ ಇಪ್ಪತ್ತು ಸಾವಿರ, ಕೋಣೆ ಮತ್ತು ಔಷಧಕ್ಕೆ ಹನ್ನೆರಡು, ಆಮೇಲೆ ಹಗಲೂ ರಾತ್ರಿ ಕಟ್ಟಿಕೊಳ್ಳಬೇಕಾದ ಬಿಗಿ ಪಟ್ಟಿಗೆ ಎಂಟು, ಒಟ್ಟು ಎರಡು ಲಕ್ಷ ಎಂಬತ್ತು ಸಾವಿರ, ಎರಡು ತಿಂಗಳು ಒಂದು ಕೊಡ ನೀರೂ ಎತ್ತುವಂತಿಲ್ಲ. ಆ ಎರಡು ತಿಂಗಳನ್ನು ಅವನು ಹುಡುಕಿದ ಜಾಣತನಕ್ಕೆ ಖಾತೂನ್‌ಬೀ ಕೂಡ ತಲೆ ಆಡಿಸಿದ್ದಳು, ಮೊಹರಂ ಚಂದ್ರ ಕಂಡರೆ ತಮ್ಮವರಲ್ಲಿ ನಿಕಾ ನಿಲ್ಲುತ್ತದೆ, ಅದರ ಬೆನ್ನಿಗೇ ಸಫರ್ ತಿಂಗಳು, ಆಗಲೂ ಯಾರೂ ಮಾಡುವುದಿಲ್ಲ, ಹೇಗೂ ಒಲೆ ತಣ್ಣಗಿರುವ ಕಾಲ, ಊರಿಗೆ ಊರೇ ಮುದಗಲ್ಲಿಗೆ ಅಲಾಯಿ ಹಬ್ಬ ನೋಡಲು ಹೋದಾಗ ಅವನು ಆಸ್ಪತ್ರೆಯಲ್ಲಿ ಮಲಗುತ್ತಾನೆ, ಮದುವೆಗಳು ಮತ್ತೆ ಶುರುವಾಗುವ ಹೊತ್ತಿಗೆ ಎದ್ದು ಸೌಟು ಹಿಡಿಯುತ್ತಾನೆ, ಒಂದು ದಿನದ ಕೂಲಿಯೂ ನಷ್ಟವಿಲ್ಲ. ಒಂದು ಲಕ್ಷ ಎಂಬತ್ತೈದು ಕೂಡಿದೆ. ಮಲೀಕಸಾಬರ ಎರಡನೇ ಮಗಳ ಮದುವೆ ಬಕ್ರೀದಿನ ನಂತರ, ಮೊಹರಮ್ಮಿಗೆ ಒಂದು ವಾರ ಮೊದಲು, ಮೂರು ದಿನದ ಅಡುಗೆ, ಮೂವತ್ತೆರಡು ಡೇಗು, ಕೈಕೆಳಗಿನವರಿಗೆ ಕೊಟ್ಟು ಅವನಿಗೆ ಎಂಬತ್ತು ಸಾವಿರ ಉಳಿಯುತ್ತದೆ. ಇನ್ನು ಹದಿನೈದು ಸಾವಿರ ಖಾಲಿ ಚೀಲದ್ದು.

ಖಾಲಿ ಚೀಲ ಮತ್ತು ಎಣ್ಣೆ ಡಬ್ಬಿ ಬಾವರ್ಚಿಯ ಹಕ್ಕು, ಅವನ ಅಪ್ಪನ ಕಾಲದಿಂದಲೂ ಹೀಗೇ, ಅಡುಗೆ ಮುಗಿದ ಮೇಲೆ ಅಕ್ಕಿ ಬರಿದಾದ ಚೀಲವೆಷ್ಟು, ಎಣ್ಣೆ ಸುರಿದ ಡಬ್ಬಿಯೆಷ್ಟು, ಮಾಲೀಕ ಕೇಳುವಂತಿಲ್ಲ, ಎಲ್ಲ ಅಟ್ಟಕ್ಕೇರಿಸಿ ತುಂಬಿದ ಮೇಲೆ ಲಿಂಗಸುಗೂರಿಗೆ ಒಯ್ದು ಮಾರುವುದು, ಚೀಲಕ್ಕೆ ಹತ್ತು, ಡಬ್ಬಿಗೆ ಇಪ್ಪತ್ತೈದು, ಮೊದಲು ಅದರಲ್ಲಿ ಮಕ್ಕಳಿಗೆ ಈದಿನ ಬಟ್ಟೆ ಬರುತ್ತಿತ್ತು, ಎರಡು ವರ್ಷದಿಂದ ಅವನು ಅದನ್ನು ಬೇರೆ ಇಟ್ಟಿದ್ದಾನೆ, ಖಾತೂನ್‌ಬೀ ಒಂದು ದಿನ ಆ ನೋಟಿನ ಕಟ್ಟು ಕೈಯಲ್ಲಿ ಹಿಡಿದು ಅವನ ಹೊಟ್ಟೆಯ ಕಡೆ ನೋಡಿ, ಖಾಲಿ ಚೀಲದ ರೊಕ್ಕ ಖಾಲಿ ಚೀಲಕ್ಕ ಎಂದಳು, ಅವಳಿಗೆ ನಗು ಬಂತು, ಅವನಿಗೂ ಬಂತು, ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳ ತಮ್ಮ ಮಾತ್ರ ನಗುತ್ತಲೇ ಇದ್ದಾನೆ, ಮೂರು ಲಕ್ಷ ಹಾಕಿ ಮೈ ಬಿಗಿ ಮಾಡಿಸ್ಕೊಂಡು ಎರಡನೇ ನಿಕಾ ಮಾಡ್ಕೋತಿಯೇನು ಭಾಯಿ. ಬಾಯಿಗೆ ಬಂದದ್ದನ್ನು ನುಂಗಿಕೊಂಡ, ಅನ್ನವನ್ನೇ ನುಂಗದೆ ಇರಬಲ್ಲವನಿಗೆ ಮಾತು ನುಂಗುವುದು ಯಾವ ದೊಡ್ಡ ಕೆಲಸ. ಬಾಲಪ್ಪ ಮತ್ತೆ ಆ ಚೀಲ ಎತ್ತಿ ಕುಕ್ಕರಿಸುತ್ತಿದ್ದಾನೆ, ಮತ್ತೆ ಅದು ಮಡಿಚಿ ಬೀಳುತ್ತದೆ, ಬಿಟ್ಟುಬಿಡೋ ಮಾರಾಯ, ಬಿದ್ದರೆ ಬೀಳಲಿ, ಎನ್ನಬೇಕೆನಿಸಿತು.

ಬಾಲಪ್ಪನ ಹಿಂದೆ ಕಾಟಾ ಇದೆ, ಅದೇ ಕಬ್ಬಿಣದ ಹಲಗೆಯ ತೂಕದ ಕಾಟಾ, ಬಂದ ಕೂಡಲೇ ಅದನ್ನು ನೋಡಿದ್ದ, ನೋಡಿಲ್ಲವೆಂದು ತನಗೆ ತಾನೇ ಹೇಳಿಕೊಂಡಿದ್ದ. ಒಂಬತ್ತು ವರ್ಷದ ಹಿಂದೆ ದೊಡ್ಡ ಮಗಳ ಮದುವೆ ಮುಗಿದ ಮರುದಿನ ಮಲೀಕಸಾಬರು ಅವನನ್ನು ಇಲ್ಲಿಗೇ ಕರೆಸಿದರು, ಅಂಗಡಿ ತುಂಬ ಮಂದಿ, ಹೆಗಲಿಗೆ ಜರಿಯ ಶಾಲು ಹೊದಿಸಿದರು, ಈಗ ಹೊಟ್ಟೆಯ ಮೇಲೆ ಕೆರೆಯುತ್ತಿರುವುದು ಅದೇ ಶಾಲು, ಮನೆಯಲ್ಲಿ ಇಷ್ಟು ಉದ್ದದ್ದು ಇನ್ನೊಂದಿರಲಿಲ್ಲ, ಮಂದಿ ಇನ್ನೂ ಬೆರಳು ಚೀಪಾಕತ್ಯಾರ ನಾಸೀರ್, ನಿನ್ನ ತೂಕದಷ್ಟು ಅಕ್ಕಿ ನನ್ನ ಇನಾಮು, ಕಾಟಾದ ಮ್ಯಾಲ ಹತ್ತು ಎಂದರು. ಹತ್ತಿದ, ಕಾಟಾ ಕಿರುಗುಟ್ಟಿತು, ಮಂದಿ ಸಿಳ್ಳೆ ಹಾಕಿದರು, ಬಾಲಪ್ಪ ಮೂವತ್ತು ವರ್ಷದ ರೂಢಿಯಂತೆ ಕೂಗಿಬಿಟ್ಟ, ನೂರಾ ನಲವತ್ತೆಂಟು, ಚೀಲ ಕಳದು ನೂರಾ ನಲವತ್ತೇಳೂವರಿ, ಪ್ರತಿ ಚೀಲಕ್ಕೂ ಅವನು ಹಾಗೇ ಕೂಗುವುದು, ಗೋಣಿಯ ತೂಕ ಅರ್ಧ ಕಿಲೋ ಕಳೆದು, ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು, ಮಲೀಕಸಾಬರು ಕಣ್ಣೀರು ಒರೆಸಿಕೊಂಡು, ಲೇ ಬಾಲಪ್ಪ, ಇದರಾಗ ಚೀಲಾನೂ ಮಾಲಽ ಐತಿ, ಕಳೀಬ್ಯಾಡ ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾಸೀರನೇ, ಆಗ ನಕ್ಕರೆ ಹೊಟ್ಟೆಯೂ ಕೂಡಿ ನಗುತ್ತಿತ್ತು.

ಮಲೀಕಸಾಬರು ಬಂದರು, ಟೊಪ್ಪಿಗೆ ತೆಗೆದು ಮಡಿಚಿ ಜೇಬಿಗಿಟ್ಟು, ಸಲಾಮಿಗೆ ಸಲಾಮು ಹೇಳಿ ಅವನನ್ನು ಮೇಲಿಂದ ಕೆಳಗೆ ನೋಡಿದರು, ಮುಖದಾಗ ಸ್ವಲ್ಪ ಇಳಿದೀಯಲ್ಲೋ, ಬಿಸಿಲು ಎಂದ, ಹೌದು ಬಿಸಿಲು ಎಂದರು, ಕಣ್ಣು ಹೊಟ್ಟೆಯ ಮೇಲೆ ಬಂದು ಸಮಾಧಾನವಾಗಿ ನಿಂತಿತು, ಚಲೋ ಉಣಿಸ್ಯಾಳ, ಖಾತೂನ್‌ಬೀಯ ಕೈಗೆ ಬರಕತ್ತು ಬರಲಿ ಎಂದರು. ಮಾತು ಸಲೀಸಾಗಿ ಹೋಯಿತು, ಮೆಹೆಂದಿಗೆ ಖಿಚಡಿ ಖಟ್ಟಾ, ನಿಕಾದ ದಿನ ಬಿರಿಯಾನಿ, ವಲೀಮಾಕ್ಕೆ ದಾಲ್ಚಾ ಬೇರೆ, ಒಂದೂವರೆ ಸಾವಿರ ಮಂದಿ, ಖಾಲಿ ಚೀಲ ಡಬ್ಬಿ ನಿನ್ನವೇ, ಅದೇನು ಕೇಳೂದು, ಗಲ್ಲಾಪೆಟ್ಟಿಗೆ ತೆರೆದು ಇಪ್ಪತ್ತು ಸಾವಿರ ಮುಂಗಡ ಎಣಿಸಿ ಮೇಜಿನ ಮೇಲೆ ಇಟ್ಟರು, ಐನೂರರ ನಲವತ್ತು ನೋಟು, ಮೇಲೆ ತೂಕದ ಕಲ್ಲು, ಇನ್ನು ಕೈ ಚಾಚಬೇಕಷ್ಟೆ, ಮೊಹರಂ ಎದುರಿಗೆ ಬಂದು ನಿಂತಂತಾಯಿತು, ಬಿಗಿ ಪಟ್ಟಿಯ ಎಂಟು ಸಾವಿರ ಸುದ್ಧಾ — ತಡಿ, ಎಂದರು ಮಲೀಕಸಾಬರು, ಇನಾಮು ಈ ಸಲ ಮೊದ್ಲ ತೂಗ್ತೀನಿ, ಮದುವಿ ಊಟ ಉಂಡು ತೂಕ ಏರಿಸ್ಕೊಂಡು ನನ್ನ ಮುಳುಗಿಸ್ತೀ ನೀ. ಬೇಡ ಸಾವ್ಕಾರ್ರ ಎಂದ, ಹೋದ ಸಲದ್ದೇ ಸಾಕು ಎಂದ, ಬಸ್ಸು ಹೋಗುತ್ತದೆ ಎಂದ, ಅವನು ಬೇಡವೆಂದಷ್ಟೂ ಅವರಿಗೆ ಖುಷಿ, ಬಾಲಪ್ಪಾ, ಕಾಟಾ ಒರಸೋ, ಜಂಬ ನೋಡು ಬಾವರ್ಚೀದು. ಹೆಗಲ ಮೇಲೆ ಅವರ ಕೈ, ಪ್ರೀತಿಯ ಕೈಯೇ, ಅದೇ ಕಷ್ಟ, ದ್ವೇಷದ ಕೈಯಾಗಿದ್ದರೆ ಕೊಡವಿಕೊಂಡು ಹೋಗಬಹುದಿತ್ತು.

ಕಾಟಾ ಕಿರುಗುಟ್ಟಲಿಲ್ಲ. ಕೆಂಪು ಅಂಕಿಗಳು ಅತ್ತಿತ್ತ ಓಡಿ ನಿಂತವು, ಬಾಲಪ್ಪ ಬಾಯಿ ತೆರೆದ, ಎಂಬತ್ಮೂರು, ಚೀಲ ಕಳದು — ಅಷ್ಟಕ್ಕೆ ಅವನ ಬಾಯಿ ತಾನೇ ಮುಚ್ಚಿಕೊಂಡಿತು. ಯಾರೂ ನಗಲಿಲ್ಲ. ಹಲಗೆ ಹತ್ತುವಾಗ ಒಂದು ಪಿನ್ನು ಬಿಚ್ಚಿದ್ದು ನಾಸೀರನಿಗೆ ಈಗ ತಿಳಿಯಿತು, ಜುಬ್ಬಾದ ಕೆಳಗಿಂದ ಶಾಲು ನಿಧಾನ ಇಳಿಯುತ್ತಿದೆ, ಒಂದು ಗೇಣು, ಎರಡು ಗೇಣು, ಜರಿಯ ಅಂಚು ಕಾಟಾದ ಮೇಲೆ ಬಂದು ಮಡಿಕೆಯಾಗಿ ಕೂತಿತು, ಮಲೀಕಸಾಬರು ಬಾಗಿ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು, ಗುರುತು ಹಿಡಿದರು. ಏನಾಗೈತಿ ನಾಸೀರ್ ನಿನಗ. ಏನೂ ಆಗಿಲ್ಲ, ಸಕ್ಕರೆಗೆ ಹೆದರಿ ನಾನೇ ಇಳಿಸಿದೆ, ಅನ್ನ ಬಿಟ್ಟೆ, ಬೆಟ್ಟ ಹತ್ತಿದೆ, ಲಿಂಗಸುಗೂರಿನ ಡಾಕ್ಟರನ್ನು ಕೇಳಿ, ಫೋನು ಹಚ್ಚಿ ಕೊಡುತ್ತೇನೆ — ಎಲ್ಲ ಹೇಳಿದ, ನಿಜವೇ ಎಲ್ಲ, ಎರಡೂವರೆ ವರ್ಷದ ನಿಜ, ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ. ಮಲೀಕಸಾಬರು ಶಾಲನ್ನು ಅವನ ಕೈಗೆ ಕೊಟ್ಟು ಮೆಲ್ಲಗೆ ಕೇಳಿದರು, ಬ್ಯಾನಿ ಇಲ್ಲಂದ್ರ ಇದನ್ಯಾಕ ಸುತ್ಗೊಂಡು ಬಂದಿ.

ನಾಸೀರ್ ಜುಬ್ಬಾ ಬನಿಯನ್ ಎರಡನ್ನೂ ಎತ್ತಿ ತೋರಿಸಿದ. ಮಟಮಟ ಮಧ್ಯಾಹ್ನ, ಗಂಜಿನ ನಡುವೆ, ಹೆಂಡತಿಗೂ ತೋರಿಸದ್ದನ್ನು, ಶಾಲು ಅದುಮಿ ಹಿಡಿದಿದ್ದೆಲ್ಲ ಬಿಡುಗಡೆಯಾಗಿ ಪೈಜಾಮದ ಮೇಲೆ ಜೋತುಬಿತ್ತು, ಕೆಂಪು ಹುಣ್ಣು, ಬಿಳಿ ಪೌಡರು, ಬಾಲಪ್ಪ ತಲೆ ತಗ್ಗಿಸಿದ, ಮಲೀಕಸಾಬರು ಮುಖ ತಿರುಗಿಸಿ, ಮುಚ್ಚು, ಮುಚ್ಚಪ್ಪಾ ಎಂದರು. ಆಮೇಲೆ ಮೇಜಿನ ಕಡೆ ಹೋಗಿ ಕಲ್ಲು ಎತ್ತಿದರು, ನೋಟು ಒಟ್ಟು ಮಾಡಿದರು, ಗಲ್ಲಾಪೆಟ್ಟಿಗೆ ಮುಚ್ಚಿದ ಸದ್ದು. ನಾ ನಂಬೀನಿ ನಾಸೀರ್, ಖುದಾನಾಣೆ ನಂಬೀನಿ, ಆದರ ಒಂದೂವರಿ ಸಾವಿರ ಮಂದಿಗೆ ಹೇಳ್ಕೊಂತ ತಿರಗಾಕ ನನಗ ಆಗ್ತೈತೇನು, ಬೀಗರು ಹೊಸಬರು, ಜಾವೀದ್‌ಗ ಹೇಳ್ತೀನಿ ಈ ಸಲ, ನೀ ಮೊದ್ಲ ಆರಾಮ ಆಗು. ಆರಾಮ ಆಗಲಿಕ್ಕೇ ಆ ದುಡ್ಡು ಬೇಕಿತ್ತು. ಕೋಪ ಬಂತು, ಅವರ ಮೇಲಲ್ಲ, ತನ್ನ ಮೇಲೆ, ಇದ್ದ ಹಾಗೇ ಬಂದು ಇದ್ದದ್ದು ಹೇಳಿದ್ದರೆ ಬಹುಶಃ ನಂಬುತ್ತಿದ್ದರು, ನಂಬಿ ಕೊಡುತ್ತಿದ್ದರು, ಬಹುಶಃ, ಈಗ ಅದನ್ನು ತಿಳಿಯುವ ದಾರಿಯೂ ಇಲ್ಲ. ಮಲೀಕಸಾಬರು ಬಾಗಿಲ ತನಕ ಹೋಗಿ ತಿರುಗಿದರು, ಮಾತು ಮಾತಽ, ಎಂಬತ್ಮೂರು ಕಿಲೋ ತುಂಬೋ ಬಾಲಪ್ಪ, ಹೊಸ ಸೋನಾ ತುಂಬು, ಬಸ್‌ಸ್ಟ್ಯಾಂಡಿಗೆ ಮುಟ್ಟಿಸಿ ಬಾ.

ಅನ್ನ ಬಿಟ್ಟವನಿಗೆ ಎಂಬತ್ತಮೂರು ಕಿಲೋ ಅಕ್ಕಿ, ಕಂಡಕ್ಟರು ಲಗೇಜಿನ ದುಡ್ಡು ಕೇಳುತ್ತಾನೆ, ಮಸ್ಕಿಯಲ್ಲಿ ಇಳಿಸಿಕೊಳ್ಳಲು ಆಟೋ, ಖಾತೂನ್‌ಬೀ ಹೊಸ್ತಿಲಲ್ಲಿ ನಿಂತು ಮೊದಲು ಅಕ್ಕಿ ನೋಡುತ್ತಾಳೆ, ಆಮೇಲೆ ಅವನ ಹೊಟ್ಟೆ, ಆಮೇಲೆ ಕೈಯಲ್ಲಿನ ಶಾಲು, ಈ ಮೊಹರಂ ಹೋಯಿತು, ಮುಂದಿನ ಮೊಹರಂ, ಅಷ್ಟರಲ್ಲಿ ಎರಡು ಲಕ್ಷ ಎಂಬತ್ತು ಎಷ್ಟಕ್ಕೆ ಏರಿರುತ್ತದೋ, ಅಷ್ಟರಲ್ಲಿ ಎಷ್ಟು ಡೇಗಿನ ಕಂಠ, ಏಳು ಕಿಲೋ ಬರಬಹುದು ಎಂದಿದ್ದರು ಡಾಕ್ಟರು, ಕತ್ತರಿಸಿ ತೆಗೆದ ಚರ್ಮವೇ ಏಳು ಕಿಲೋ, ಎಂಬತ್ತಮೂರರಲ್ಲಿ ಶಾಲಿನದು ಒಂದೂವರೆ ಹೋಯಿತು, ಚೀಲ ಕಳೆದು ಏಳು ಹೋಯಿತು, ಉಳಿದದ್ದು ನಾನು, ಉಳಿದದ್ದೆಷ್ಟು, ಕಳೆಯಬೇಡ ಎನ್ನಲು ಈ ಸಲ ಯಾರೂ ಇರಲಿಲ್ಲ — ಬಾಲಪ್ಪ ಒಂದು ಚೀಲ ತುಂಬಿ ಬಾಯಿ ಹೊಲಿದ, ಐವತ್ತು, ಅದು ಸೆಟೆದು ನಿಂತಿತು. ಎರಡನೆಯದಕ್ಕೆ ಮೂವತ್ತಮೂರು ಸುರಿದು, ಕಿವಿ ಹಿಡಿದು ಎತ್ತಿ, ಅವನ ಕಾಲ ಬಳಿ ಗೋಡೆಗೆ ಒರಗಿಸಿದ, ಒಂದು ಗಳಿಗೆ ನೆಟ್ಟಗೆ ಕೂತಿತು, ಮೇಲಿನ ಖಾಲಿ ಭಾಗ ಮೆಲ್ಲಗೆ ಮಡಿಚಿ ಹೊಟ್ಟೆಯ ಮೇಲೆ ಬಿತ್ತು, ನಾಸೀರ್ ಬಾಗಿ ಅದನ್ನು ಎತ್ತಿ ನಿಲ್ಲಿಸಿದ, ಕೈ ಬಿಟ್ಟ, ಬಿತ್ತು, ಎತ್ತಿದ, ಬಿತ್ತು.